ಪೀಣ್ಯದಿಂದ ತುಮಕೂರಿಗೆ: ಸಣ್ಣ ಕಾರ್ಖಾನೆಯನ್ನು ಸ್ಥಳಾಂತರಿಸುವ ಕ್ರಮ

ಬೆಂಗಳೂರಿನ ಪೀಣ್ಯದ ಬಾಡಿಗೆ ಶೆಡ್ಡಿನಲ್ಲಿ ನಾಲ್ಕೈದು ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ) ಲೇತುಗಳನ್ನೂ ಒಂದೆರಡು ವಿ.ಎಂ.ಸಿ.ಗಳನ್ನೂ (ಲೋಹ ಕೊರೆಯುವ ಲಂಬ ಮೆಷಿನಿಂಗ್ ಸೆಂಟರ್) ಇಟ್ಟುಕೊಂಡು, ಹದಿನೈದಿಪ್ಪತ್ತು ಮಂದಿಯ ಕೈಯಲ್ಲಿ ಬಿಡಿಭಾಗಗಳನ್ನು ಮಾಡಿಸಿ ದೊಡ್ಡ ಕಂಪನಿಗಳಿಗೆ ಕೊಡುವ ಮಾಲೀಕರ ನಡುವೆ ಬೆಂಗಳೂರು ಬಿಡುವ ಮಾತು ಈಗ ಆಗಾಗ ಕೇಳಿಬರುತ್ತದೆ. ಬಾಡಿಗೆ ವರ್ಷವರ್ಷವೂ ಏರುತ್ತದೆ, ಲಾರಿಯನ್ನು ಒಳಗೆ ತರಲು ಹೊತ್ತು ನೋಡಬೇಕಾಗುತ್ತದೆ, ಇನ್ನೊಂದು ಯಂತ್ರ ಕೊಂಡರೆ ನಿಲ್ಲಿಸಲು ಜಾಗವಿರುವುದಿಲ್ಲ. ಮೈಸೂರು, ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಶಿವಮೊಗ್ಗಗಳೂ ಲೆಕ್ಕದಲ್ಲಿರುತ್ತವಾದರೂ, ಹಳೆಯ ಗ್ರಾಹಕರನ್ನು ಬಿಡದೆ ಹೊರಗೆ ಹೋಗಬೇಕೆನ್ನುವವರ ಕಣ್ಣು ಮೊದಲು ಬೀಳುವುದು ತುಮಕೂರಿನ ಮೇಲೆ. ಅಲ್ಲಿಂದ ಶಿರಾ ಕಡೆಗೆ, ರಾಷ್ಟ್ರೀಯ ಹೆದ್ದಾರಿ 48ರ ಆಸುಪಾಸಿನಲ್ಲಿರುವ ವಸಂತನರಸಾಪುರ ಕೈಗಾರಿಕಾ ಪ್ರದೇಶ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ತುಮಕೂರು ನೋಡ್‌ಗೆ ಸೇರಿದೆ. ಮೆಷಿನ್ ಟೂಲ್ ಪಾರ್ಕ್ ಇರುವುದೂ ಅಲ್ಲಿಯೇ. ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮೇಲೆ ಈ ಕಡೆಯ ಆಸೆ ಇನ್ನಷ್ಟು ಚಿಗುರಿದೆ. ಈ ಲೇಖನದಲ್ಲಿ ಪೀಣ್ಯದಿಂದ ತುಮಕೂರಿಗೆ ಹೋಗುವ ಇಂಥ ಒಂದು ಸಣ್ಣ ಮೆಷಿನ್ ಶಾಪ್ ಅನ್ನೇ ಮುಂದಿಟ್ಟುಕೊಂಡು, ಯಾವ ಕೆಲಸದ ನಂತರ ಯಾವ ಕೆಲಸ ಎಂಬುದನ್ನು ವಿವರಿಸಿದ್ದೇನೆ. ಬೇರೆ ಊರಿಗೆ ಹೋಗುವವರಿಗೂ ಬಹುಪಾಲು ಕ್ರಮ ಇದೇ.

ಬಾಡಿಗೆಗಿಂತ ಮೊದಲು ಬೀದಿಯ ಲೆಕ್ಕ

ಚದರಡಿಗೆ ಇಲ್ಲೆಷ್ಟು, ಅಲ್ಲೆಷ್ಟು ಎಂದು ಹೋಲಿಸಿ ನಿರ್ಧಾರಕ್ಕೆ ಬರುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇದು ಅತ್ಯಂತ ದಾರಿ ತಪ್ಪಿಸುವ ಲೆಕ್ಕ. ಪೀಣ್ಯದಲ್ಲಿ ನೀವು ಬಾಡಿಗೆ ಕೊಡುತ್ತಿರುವುದು ನಾಲ್ಕು ಗೋಡೆಗಳಿಗೆ ಮಾತ್ರವಲ್ಲ, ಆ ಬೀದಿಗೂ ಕೂಡ. ಒಂದು ಸಾಮಾನ್ಯ ಪಿನ್ನನ್ನೇ ತೆಗೆದುಕೊಳ್ಳಿ. ಅದರ ಟರ್ನಿಂಗ್, ಅಂದರೆ ಲೇತಿನ ಕೆಲಸ, ನಿಮ್ಮಲ್ಲಿ ಆಗುತ್ತದೆ. ಮೇಲ್ಮೈಯನ್ನು ಕಾಯಿಸಿ ಗಟ್ಟಿಗೊಳಿಸುವ ಕೇಸ್ ಹಾರ್ಡನಿಂಗ್‌ಗೆ ಎರಡು ಕ್ರಾಸ್ ಆಚೆ ಹೋಗುತ್ತದೆ. ಸೆಂಟರ್‌ಲೆಸ್ ಗ್ರೈಂಡಿಂಗ್ ಮತ್ತೊಬ್ಬರಲ್ಲಿ, ಝಿಂಕ್ ಪ್ಲೇಟಿಂಗ್ ಇನ್ನೊಬ್ಬರಲ್ಲಿ. ಸಂಜೆ ಗೂಡ್ಸ್ ಆಟೋದಲ್ಲಿ ಹೋದ ಮಾಲು ಮರುದಿನ ಬೆಳಿಗ್ಗೆ ಬಾಗಿಲಿಗೆ ಬರುತ್ತದೆ. ಲೋಹ ಕತ್ತರಿಸುವ ಇನ್ಸರ್ಟ್ ಮುಗಿದರೆ ಹುಡುಗನೊಬ್ಬ ಬೈಕಿನಲ್ಲಿ ಹೋಗಿ ಹತ್ತು ನಿಮಿಷದಲ್ಲಿ ತರುತ್ತಾನೆ. ಯಂತ್ರದ ಮೋಟಾರು ನಡೆಸುವ ಡ್ರೈವ್ ಕೆಟ್ಟರೆ ಮಧ್ಯಾಹ್ನದೊಳಗೆ ಸರ್ವಿಸ್ ಇಂಜಿನಿಯರ್ ಬಂದಿರುತ್ತಾರೆ. ಇವಾವುವೂ ಬಾಡಿಗೆ ಕರಾರಿನಲ್ಲಿ ಬರೆದಿರುವುದಿಲ್ಲ, ಆದ್ದರಿಂದ ಲೆಕ್ಕಕ್ಕೂ ಬರುವುದಿಲ್ಲ.

ಮೊದಲ ಹೆಜ್ಜೆಯಾಗಿ, ಕಳೆದ ಮೂರು ತಿಂಗಳ ಡಿ.ಸಿ. ಪುಸ್ತಕವನ್ನು, ಅಂದರೆ ಡೆಲಿವರಿ ಚಲನ್‌ಗಳನ್ನು, ತೆರೆದಿಟ್ಟುಕೊಂಡು ಹೊರಗಿನ ಕೆಲಸಕ್ಕೆ ಹೋದ ಪ್ರತಿಯೊಂದು ಮಾಲನ್ನೂ ಎಲ್ಲಿಗೆ, ಎಷ್ಟು ತೂಕ, ಎಷ್ಟು ದಿನ ಎಂದು ಪಟ್ಟಿ ಮಾಡಿ. ವಸಂತನರಸಾಪುರ ಪೀಣ್ಯದಿಂದ ಸುಮಾರು ಎಂಬತ್ತು ಕಿಲೋಮೀಟರ್ ದೂರ. ಹೋಗಿಬರುವುದಕ್ಕೆ ನೂರ ಅರವತ್ತು. ಮೇಲೆ ಹೇಳಿದ ಪಿನ್ನಿಗೆ ಮೂರು ಹೊರಗಿನ ಕೆಲಸಗಳಿದ್ದು, ಪ್ರತಿ ಬಾರಿಯೂ ನಿಮ್ಮ ಶೆಡ್ಡಿಗೆ ಮರಳಿ ಬರುವುದಾದರೆ ಡೀಸೆಲ್ಲೇ ಲಾಭವನ್ನು ತಿಂದುಹಾಕುತ್ತದೆ. ಹಾಗೆ ಮರಳಿ ಬರಲೇಬೇಕೆಂಬ ನಿಯಮವೇನೂ ಇಲ್ಲ. ಜಿ.ಎಸ್‌.ಟಿ. ಕಾನೂನಿನಲ್ಲಿ ಮಾಲನ್ನು ಹೊರಗಿನ ಕೆಲಸ ಮಾಡಿಕೊಡುವ ಒಬ್ಬ ಜಾಬ್ ವರ್ಕರ್‌ನಿಂದ ನೇರವಾಗಿ ಇನ್ನೊಬ್ಬ ಜಾಬ್ ವರ್ಕರ್‌ಗೆ ಚಲನ್‌ನೊಂದಿಗೆ ಕಳಿಸಲು ಅವಕಾಶವಿದೆ. ಕಚ್ಚಾ ಮಾಲಾಗಿದ್ದರೆ ಒಂದು ವರ್ಷದೊಳಗೆ ಮರಳಿದರೆ ಸಾಕು. ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್, ಪ್ಲೇಟಿಂಗ್ ಮೂರನ್ನೂ ಪೀಣ್ಯದಲ್ಲೇ ಸರಪಳಿಯಾಗಿ ಮುಗಿಸಿ, ಕೊನೆಯಲ್ಲಿ ತಪಾಸಣೆಗೆ ಮಾತ್ರ ತುಮಕೂರಿಗೆ ತರಿಸಬಹುದು. ಇದಕ್ಕಾಗಿ ಪೀಣ್ಯದಲ್ಲಿ ಒಂದು ಸಣ್ಣ ಕೋಣೆಯನ್ನು ಉಳಿಸಿಕೊಂಡು ನಂಬಿಕೆಯ ಒಬ್ಬರನ್ನು ಕೂರಿಸಿದರೆ, ಆ ಖರ್ಚು ದಂಡವಲ್ಲ.

ಈ ಪಟ್ಟಿ ಮಾಡಿದ ಮೇಲೆ ಹೊರಗಿನ ಕೆಲಸದ ಪಾಲು ತೀರಾ ದೊಡ್ಡದೆಂದು ಕಂಡುಬಂದರೆ ಸ್ಥಳಾಂತರದ ಯೋಚನೆಯನ್ನು ಅಲ್ಲಿಗೇ ಬಿಡುವುದೂ ಒಂದು ಸರಿಯಾದ ನಿರ್ಧಾರವೇ. ಇದಕ್ಕೆ ವ್ಯತಿರಿಕ್ತವಾಗಿ, ಕಚ್ಚಾ ಮಾಲಿನಿಂದ ಪ್ಯಾಕಿಂಗ್‌ವರೆಗೆ ಎಲ್ಲವನ್ನೂ ಒಂದೇ ಸೂರಿನಡಿ ಮಾಡುವವರು, ಉದಾಹರಣೆಗೆ ಶೀಟ್ ಮೆಟಲ್ ಪ್ಯಾನೆಲ್ ಮಾಡಿ ತಾವೇ ಪೌಡರ್ ಕೋಟಿಂಗ್ ಮಾಡಿಕೊಳ್ಳುವವರು, ಹೆಚ್ಚು ಚಿಂತಿಸದೆ ಹೊರಡಬಹುದು.

ಗಡಿಯಾಚೆಯ ಹೊಸೂರಿನ ಬಗ್ಗೆ ಒಂದು ಮಾತು. ಕಿಲೋಮೀಟರ್ ಲೆಕ್ಕದಲ್ಲಿ ಅದು ಹತ್ತಿರವೇ, ಆದರೆ ರಾಜ್ಯ ಬೇರೆ. ಜಿ.ಎಸ್‌.ಟಿ. ನೋಂದಣಿ ರಾಜ್ಯವಾರು ಇರುವುದರಿಂದ ಹೊಸ ನಂಬರ್ ಪಡೆಯಬೇಕು. ನಿಮ್ಮದೇ ಯಂತ್ರ ನಿಮ್ಮದೇ ಹೊಸ ಶೆಡ್ಡಿಗೆ ಹೋದರೂ ಕಾನೂನಿನ ಕಣ್ಣಿಗೆ ಅದು ಎರಡು ಬೇರೆ ನೋಂದಣಿಗಳ ನಡುವಿನ ವ್ಯವಹಾರವಾಗುತ್ತದೆ. ಕರ್ನಾಟಕದೊಳಗೇ ಸ್ಥಳ ಬದಲಿಸಿದರೆ ಈ ತಲೆನೋವಿಲ್ಲ.

ಜಾಗ ನೋಡುವಾಗ

ಕೆ.ಐ.ಎ.ಡಿ.ಬಿ. (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನ ಪಡೆದು ಸ್ವಂತ ಕಟ್ಟಡ ಕಟ್ಟುವುದು ಎಲ್ಲರ ಆಸೆ. ನಿವೇಶನದ ಅರ್ಜಿ, ಯೋಜನಾ ವರದಿ, ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯ ಒಪ್ಪಿಗೆ (15 ಕೋಟಿ ರೂಪಾಯಿವರೆಗಿನ ಯೋಜನೆಗಳು ಈ ಸಮಿತಿಯ ಮುಂದೆ ಬರುತ್ತವೆ), ನಂತರ ನಕ್ಷೆ ಮಂಜೂರಾತಿ, ಕಟ್ಟಡ, ವಿದ್ಯುತ್ ಎಂದು ಇದು ದೀರ್ಘ ಹಾದಿ. ಹಂಚಿಕೆ ಸಾಮಾನ್ಯವಾಗಿ ಗುತ್ತಿಗೆ ಮತ್ತು ಮಾರಾಟದ ಆಧಾರದ ಮೇಲೆ ಆಗುತ್ತದೆ. ನಿಗದಿತ ಅವಧಿಯೊಳಗೆ ಕಟ್ಟಡ ಕಟ್ಟಿ ಉತ್ಪಾದನೆ ಆರಂಭಿಸದಿದ್ದರೆ ನಿವೇಶನ ಕೈತಪ್ಪಬಹುದು. ಹಾಗಾಗಿ ಸಣ್ಣ ಘಟಕದವರು ಮೊದಲು ಬಾಡಿಗೆ ಶೆಡ್ಡಿಗೆ ಅಥವಾ ಸಿಕ್ಕರೆ ಕೆ.ಎಸ್.ಎಸ್.ಐ.ಡಿ.ಸಿ. (ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ) ಶೆಡ್ಡಿಗೆ ಹೋಗಿ, ಊರಿನ ಹದ ತಿಳಿದ ಮೇಲೆ ನಿವೇಶನಕ್ಕೆ ಕೈಹಾಕುವುದು ಒಳ್ಳೆಯದು. ಯಂತ್ರಗಳನ್ನು ಎರಡು ಸಲ ಸಾಗಿಸಬೇಕಾಗುತ್ತದೆಂಬುದು ನಿಜ. ಆದರೂ ಬ್ಯಾಂಕಿನ ಸಾಲ ತಂದು ಕಟ್ಟಿಸಿದ ಕಟ್ಟಡದಲ್ಲಿ ಕೆಲಸಗಾರರಿಲ್ಲದೆ ಕುಳಿತುಕೊಳ್ಳುವುದಕ್ಕಿಂತ ಅದು ಅಗ್ಗ.

ಕೈಗಾರಿಕಾ ಪ್ರದೇಶದ ಹೊರಗೆ, ಹೆದ್ದಾರಿ ಪಕ್ಕದ ಹಳ್ಳಿಯಲ್ಲಿ ಕಡಿಮೆ ಬಾಡಿಗೆಗೆ ಶೆಡ್ಡು ಸಿಕ್ಕರೆ ಮೊದಲು ಕೇಳಬೇಕಾದ ಕಾಗದ ಡಿ.ಸಿ. (ಜಿಲ್ಲಾಧಿಕಾರಿ) ಕನ್ವರ್ಷನ್ ಆದೇಶ. ಭೂಮಿ ಕೃಷಿಯಿಂದ ಕೈಗಾರಿಕೆಗೆ ಪರಿವರ್ತನೆಯಾಗಿದೆಯೇ ಎಂದು ಅದರಲ್ಲಿ ನೋಡಿ. ವಾಸದ ಉದ್ದೇಶಕ್ಕೆ ಆಗಿರುವ ಕನ್ವರ್ಷನ್ ನಿಮಗೆ ಉಪಯೋಗವಿಲ್ಲ. ಬಾಡಿಗೆ ಕರಾರು ಒಂದು ವರ್ಷಕ್ಕಿಂತ ಹೆಚ್ಚಿನದಾದರೆ ಅದನ್ನು ಉಪನೋಂದಣಾಧಿಕಾರಿಯಲ್ಲಿ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಕರಾರು ಮನೆಗೆ ಸರಿ, ಫೌಂಡೇಶನ್ ಹಾಕಿ ಯಂತ್ರ ಕೂರಿಸುವ ಕಾರ್ಖಾನೆಗೆ ಸರಿಯಲ್ಲ. ಐದು ವರ್ಷಕ್ಕಾದರೂ ಮಾಡಿಸಿ. ಮಾಲೀಕರಿಗೆ ಜಿ.ಎಸ್‌.ಟಿ. ನೋಂದಣಿ ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ತೆರಿಗೆಯನ್ನು ರಿವರ್ಸ್ ಚಾರ್ಜ್ ಪ್ರಕಾರ ಬಾಡಿಗೆದಾರರೇ ಕಟ್ಟಬೇಕು ಎಂಬುದೂ ನೆನಪಿನಲ್ಲಿರಲಿ.

ವಿದ್ಯುತ್ತಿನ ವಿಷಯದಲ್ಲಿ ಬ್ರೋಕರ್ ಮಾತನ್ನಾಗಲಿ ಮಾಲೀಕರ ಮಾತನ್ನಾಗಲಿ ನಂಬಬೇಡಿ. ತುಮಕೂರು ಜಿಲ್ಲೆಯೂ ಬೆಸ್ಕಾಂ ವ್ಯಾಪ್ತಿಯಲ್ಲೇ ಇರುವುದರಿಂದ ಅರ್ಜಿ, ದರ, ನಿಯಮಗಳು ನಿಮಗೆ ಪರಿಚಿತವೇ, ಬದಲಾಗುವುದು ಫೀಡರ್. ಶೆಡ್ಡಿಗೆ ಬರುವ ಲೈನು ಕೈಗಾರಿಕಾ ಫೀಡರ್‌ನದೋ ಹಳ್ಳಿಯ ಫೀಡರ್‌ನದೋ ಎಂದು ಬೆಸ್ಕಾಂ ಸೆಕ್ಷನ್ ಕಚೇರಿಯಲ್ಲಿ ವಿಚಾರಿಸಿ. ಆಮೇಲೆ ಪಕ್ಕದ ಕಾರ್ಖಾನೆಗೆ ಹೋಗಿ, ಟೀ ಕುಡಿಯುತ್ತಾ, ಅವರ ಜನರೇಟರ್ ಮೇಲಿರುವ ಗಂಟೆಮೀಟರಿನ ಅಂಕಿಯನ್ನು ಬರೆದುಕೊಂಡು ಬನ್ನಿ. ಒಂದು ತಿಂಗಳ ನಂತರ ಮತ್ತೊಮ್ಮೆ ಹೋಗಿ ನೋಡಿದರೆ, ಆ ಜಾಗದಲ್ಲಿ ತಿಂಗಳಿಗೆ ಎಷ್ಟು ಗಂಟೆ ಕರೆಂಟ್ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ದಾಖಲೆ ಸಿಗುವುದಿಲ್ಲ. ನಿಮ್ಮ ಯಂತ್ರಗಳಿಗೆ ಬೇಕಾದ ಲೋಡ್ ಆ ಶೆಡ್ಡಿನ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್‌ಗೆ ಮಂಜೂರಾಗಿದೆಯೇ ಎಂದೂ ನೋಡಿ. ಇಲ್ಲವಾದರೆ ಹೆಚ್ಚುವರಿ ಲೋಡ್‌ಗೆ ಅರ್ಜಿ, ಎಸ್ಟಿಮೇಟ್, ಠೇವಣಿ, ಕೆಲವೊಮ್ಮೆ ಹೊಸ ಟ್ರಾನ್ಸ್‌ಫಾರ್ಮರ್ ಎಂದು ತಿಂಗಳುಗಳೇ ಹಿಡಿಯುತ್ತವೆ. ಸ್ಥಳಾಂತರದ ದಿನಾಂಕವನ್ನು ಕೊನೆಗೆ ನಿರ್ಧರಿಸುವುದು ಲಾರಿಯಲ್ಲ, ಈ ಲೋಡ್ ಮಂಜೂರಾತಿ.

ನೀರನ್ನೂ ಪರೀಕ್ಷಿಸಿ. ತುಮಕೂರಿನ ಸುತ್ತಮುತ್ತ ಕೊಳವೆಬಾವಿಯ ನೀರು ಅನೇಕ ಕಡೆ ಗಡಸು. ಅಂಥ ನೀರಿನಲ್ಲಿ, ಲೋಹ ಕತ್ತರಿಸುವಾಗ ತಂಪಿಡುವ ಕೂಲೆಂಟ್ ಎಣ್ಣೆಯನ್ನು ಬೆರೆಸಿದರೆ ಅದು ಸರಿಯಾಗಿ ಬೆರೆಯದೆ ಒಡೆಯುತ್ತದೆ. ಟ್ಯಾಂಕಿನ ಮೇಲೆ ಸಾಬೂನಿನಂಥ ಕೆನೆ ಕಟ್ಟುತ್ತದೆ, ಕೆಲವೇ ದಿನಗಳಲ್ಲಿ ತಯಾರಾದ ಭಾಗದ ಮೇಲೆ ತುಕ್ಕಿನ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಒಂದು ಕ್ಯಾನ್ ನೀರನ್ನು ತಂದು ಈಗಿನ ಶೆಡ್ಡಿನಲ್ಲೇ ಕೂಲೆಂಟ್ ಕಲಸಿ ಎರಡು ದಿನ ಇಟ್ಟು ನೋಡಿದರೆ ಆರ್.ಒ. ಘಟಕ ಬೇಕೋ ಬೇಡವೋ ಗೊತ್ತಾಗುತ್ತದೆ.

ಸಬ್ಸಿಡಿ ಕುರಿತು ಎಲ್ಲರೂ ಕೇಳುತ್ತಾರೆ. 2025–30ರ ರಾಜ್ಯ ಕೈಗಾರಿಕಾ ನೀತಿಯಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಹೊರಗಿನ ವಲಯಗಳಿಗೆ ಹೆಚ್ಚಿನ ಪ್ರೋತ್ಸಾಹವಿದೆ, ಅರ್ಜಿ ಹಾಕಬೇಕಾದದ್ದು ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ. ಆದರೆ ಇಂಥ ಪ್ರೋತ್ಸಾಹಗಳು ಸಾಮಾನ್ಯವಾಗಿ ಹೊಸ ಹೂಡಿಕೆಗೇ ಹೊರತು ಪೀಣ್ಯದಿಂದ ಹೊತ್ತು ತಂದ ಹಳೆಯ ಯಂತ್ರಗಳಿಗಲ್ಲ. ಹೊಸ ಯಂತ್ರ ಕೊಳ್ಳುವ ಯೋಚನೆಯಿದ್ದರೆ ಅದನ್ನು ಹೊಸ ಜಾಗಕ್ಕೇ ಬಿಲ್ ಮಾಡಿಸಿ. ಬರಬೇಕಾದ ಸಬ್ಸಿಡಿಯನ್ನು ಮಾತ್ರ ಹಣದ ಹರಿವಿನ ಲೆಕ್ಕದಲ್ಲಿ ಸೇರಿಸಬೇಡಿ; ಬಂದಾಗ ಬರಲಿ.

ಪೀಣ್ಯದ ಶೆಡ್ಡು ಸ್ವಂತದ್ದಾಗಿದ್ದು ಅದನ್ನು ಮಾರುವವರು ಕ್ರಯಪತ್ರಕ್ಕೆ ಮೊದಲೇ ಆಡಿಟರ್ ಹತ್ತಿರ ಕುಳಿತು ಮಾತನಾಡಬೇಕು. ನಗರ ಪ್ರದೇಶದಿಂದ ಹೊರಕ್ಕೆ ಕಾರ್ಖಾನೆ ಸಾಗಿಸುವವರಿಗೆ ಬಂಡವಾಳ ಲಾಭದ ತೆರಿಗೆಯಲ್ಲಿ ವಿನಾಯಿತಿ ಕೊಡುವ ನಿಯಮವೊಂದು 1961ರ ಆದಾಯ ತೆರಿಗೆ ಕಾಯ್ದೆಯ 54ಜಿ ಸೆಕ್ಷನ್ನಿನಲ್ಲಿತ್ತು. ಮಾರಾಟಕ್ಕೆ ಒಂದು ವರ್ಷ ಮುಂಚೆ ಅಥವಾ ಮೂರು ವರ್ಷದೊಳಗೆ ಹೊಸ ಜಾಗದಲ್ಲಿ ಹಣ ತೊಡಗಿಸಬೇಕೆಂಬುದು ಅದರ ಷರತ್ತು. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆಗಳು ಬದಲಾಗಿರುವುದರಿಂದ, ನಿಮ್ಮ ಹೊಸ ಜಾಗ ಅದಕ್ಕೆ ಅರ್ಹವೇ ಎಂಬುದನ್ನು ಆಡಿಟರರಿಂದಲೇ ಖಚಿತಪಡಿಸಿಕೊಳ್ಳಿ.

ಗ್ರಾಹಕರಿಗೆ ಲಿಖಿತವಾಗಿ

ಜಾಗ ಗೊತ್ತಾದ ಕೂಡಲೇ, ಯಂತ್ರ ಅಲುಗಿಸುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲು, ಪ್ರಮುಖ ಗ್ರಾಹಕರ ಖರೀದಿ ಮತ್ತು ಗುಣಮಟ್ಟ ವಿಭಾಗಗಳೆರಡಕ್ಕೂ ಪತ್ರ ಬರೆಯಿರಿ. ಖರೀದಿಯವರಿಗೆ ಮಾತ್ರ ಹೇಳಿ ಸುಮ್ಮನಾಗುವುದುಂಟು; ಅದು ಸಾಲದು. ವಾಹನ ಉದ್ಯಮದ ಗ್ರಾಹಕರ ಪಿ.ಪಿ.ಎ.ಪಿ. (ಬಿಡಿಭಾಗಗಳ ಉತ್ಪಾದನೆಗೆ ಅನುಮೋದನೆ ಪಡೆಯುವ) ನಿಯಮದ ಪ್ರಕಾರ, ಅದೇ ಯಂತ್ರ, ಅದೇ ಟೂಲಿಂಗ್ ಆಗಿದ್ದರೂ ಬೇರೆ ಸ್ಥಳಕ್ಕೆ ಹೋದರೆ ಮುಂಚಿತವಾಗಿ ತಿಳಿಸಿ ಮತ್ತೆ ಅನುಮೋದನೆ ಪಡೆಯಬೇಕು. ಗ್ರಾಹಕರು ಬೇರೆ ರೀತಿ ಒಪ್ಪದಿದ್ದರೆ, ಹೊಸ ಜಾಗದಲ್ಲಿ ಸತತವಾಗಿ ಕನಿಷ್ಠ 300 ಭಾಗಗಳ ಉತ್ಪಾದನೆ ಮಾಡಿ ಅಳತೆಯ ವರದಿ ಕೊಡಬೇಕಾಗುತ್ತದೆ. ವೈಮಾನಿಕ ಕೆಲಸ ಮಾಡುವವರಿಗೆ ಸ್ಥಳ ಬದಲಾವಣೆ ಎಂದರೆ ಮತ್ತೊಮ್ಮೆ ಎಫ್.ಎ.ಐ., ಅಂದರೆ ಮೊದಲ ಭಾಗದ ಪೂರ್ಣ ತಪಾಸಣೆ. ಐ.ಎಸ್.ಒ. 9001 ಅಥವಾ ಐ.ಎ.ಟಿ.ಎಫ್. 16949 ಗುಣಮಟ್ಟ ಪ್ರಮಾಣಪತ್ರದಲ್ಲಿ ವಿಳಾಸವೂ ಇರುವುದರಿಂದ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೂ ತಿಳಿಸಿ, ಹೊಸ ಜಾಗದಲ್ಲಿ ಆಡಿಟ್ ದಿನಾಂಕವನ್ನು ಮುಂಗಡವಾಗಿ ಹಿಡಿದಿಟ್ಟುಕೊಳ್ಳಿ.

ಈ ಅನುಮೋದನೆ ಸಿಗುವವರೆಗಿನ ಅವಧಿಗೆ ಮಾಲು ಮುಂಚೆಯೇ ತಯಾರಿರಬೇಕು. ಪ್ರತಿ ಐಟಂನ ವಾರದ ಬೇಡಿಕೆಯನ್ನು ಬರೆದುಕೊಂಡು, ಯಂತ್ರ ನಿಲ್ಲುವ ದಿನಗಳು, ಅನುಮೋದನೆಯ ದಿನಗಳು ಮತ್ತು ಎಡವಟ್ಟಿಗೆಂದು ಒಂದು ವಾರ ಸೇರಿಸಿದರೆ ಸಾಮಾನ್ಯವಾಗಿ ನಾಲ್ಕೈದು ವಾರಗಳ ಸ್ಟಾಕ್ ಬೇಕೆಂಬ ಉತ್ತರ ಬರುತ್ತದೆ. ಆ ಸ್ಟಾಕ್‌ಗೆ ಕಚ್ಚಾ ಮಾಲು, ಓವರ್‌ಟೈಮ್, ಗೋದಾಮು ಎಲ್ಲಕ್ಕೂ ಹಣ ಮೊದಲೇ ಹೋಗುತ್ತದೆ. ಬಿಲ್ ಆಗುವುದು ಆಮೇಲೆ. ಸ್ಥಳಾಂತರದಲ್ಲಿ ಕೈ ಕಟ್ಟಿಹೋಗುವುದು ಸಾಗಣೆ ಖರ್ಚಿನಿಂದಲ್ಲ, ಈ ದುಡಿಮೆ ಬಂಡವಾಳದ ಕೊರತೆಯಿಂದ. ಎರಡೂ ಶೆಡ್ಡುಗಳ ಬಾಡಿಗೆ ಒಂದೆರಡು ತಿಂಗಳು ಒಟ್ಟಿಗೆ ಬೀಳುವುದನ್ನೂ ಇದಕ್ಕೆ ಸೇರಿಸಿ, ಬ್ಯಾಂಕಿನಲ್ಲಿ ತಾತ್ಕಾಲಿಕವಾಗಿ ಮಿತಿ ಹೆಚ್ಚಿಸಿಕೊಡುವಂತೆ ಕೇಳಿ. ಯಂತ್ರಗಳು ಬ್ಯಾಂಕಿಗೆ ಹೈಪೋಥಿಕೇಶನ್ (ಸಾಲಕ್ಕೆ ಅಡಮಾನ) ಆಗಿದ್ದರೆ ಅವನ್ನು ಬೇರೆಡೆಗೆ ಒಯ್ಯಲು ಹೇಗಿದ್ದರೂ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಎರಡೂ ಮಾತನ್ನು ಒಂದೇ ಭೇಟಿಯಲ್ಲಿ ಮುಗಿಸಬಹುದು. ನಿಮ್ಮಲ್ಲಿರುವ ಡೈ, ಫಿಕ್ಸ್ಚರ್, ಗೇಜ್‌ಗಳಲ್ಲಿ ಗ್ರಾಹಕರಿಗೆ ಸೇರಿದವು ಯಾವುವೆಂದು ಬೇರೆ ಪಟ್ಟಿ ಮಾಡಿ, ಅವನ್ನು ಸಾಗಿಸಲು ಅವರ ಅನುಮತಿ ಪಡೆಯಿರಿ.

ಕೆಲಸಗಾರರೊಂದಿಗೆ ಮಾತು

ಸುದ್ದಿ ಶೆಡ್ಡಿನೊಳಗೆ ತಾನಾಗಿಯೇ ಹಬ್ಬುವ ಮೊದಲು ನೀವೇ ಹೇಳಿ. ಆಪರೇಟರ್‌ಗಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೇಳಿದರೆ ಅನಿರೀಕ್ಷಿತ ಉತ್ತರಗಳು ಬರುತ್ತವೆ. ತುಮಕೂರು, ಗುಬ್ಬಿ, ಶಿರಾ ಕಡೆಯಿಂದ ಬಂದು ದಾಸರಹಳ್ಳಿಯಲ್ಲೋ ಲಗ್ಗೆರೆಯಲ್ಲೋ ಬಾಡಿಗೆ ಮನೆ ಹಿಡಿದಿರುವವರು, ದಿನವೂ ರೈಲಿನಲ್ಲಿ ಓಡಾಡುವವರು ಖುಷಿಯಿಂದಲೇ ಒಪ್ಪಬಹುದು. ಹೆಂಡತಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸದಲ್ಲಿರುವ ನಿಮ್ಮ ಅತ್ಯುತ್ತಮ ಸೆಟ್ಟರ್ (ಯಂತ್ರ ಸಜ್ಜುಗೊಳಿಸುವವರು) ಒಪ್ಪದೆ ಇರಬಹುದು. ಅವರ ಮನೆಯ ಎರಡನೆಯ ಸಂಬಳ ನಿಂತುಹೋಗುವುದನ್ನು ನಿಮ್ಮ ಒಂದು ಸಾವಿರ ರೂಪಾಯಿ ಹೆಚ್ಚಳ ತುಂಬಿಕೊಡುವುದಿಲ್ಲ. ಸೆಟ್ಟರ್‌ನಂಥವರಿಗೆ ಆರು ತಿಂಗಳು ವಾರಕ್ಕೆ ಮೂರು ದಿನ ಬಂದುಹೋಗುವ ಏರ್ಪಾಡು ಮಾಡಿ, ಅಷ್ಟರಲ್ಲಿ ಅಲ್ಲಿನ ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿದ ಹುಡುಗರನ್ನು ಅವರ ಕೈಕೆಳಗೆ ತಯಾರು ಮಾಡುವುದು ಸಾಧ್ಯ.

ಬರಲಾರದವರ ಲೆಕ್ಕವನ್ನು ಗೌರವದಿಂದ ಚುಕ್ತಾ ಮಾಡಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದಿಂದ ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ವೇತನ, ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನದ ಪರಿಹಾರ ಎಂಬ ಹಳೆಯ ತತ್ವ ಮುಂದುವರಿದಿದೆ. ಅದರ ಜೊತೆಗೆ ಮರುಕೌಶಲ ನಿಧಿಗೆ ಹದಿನೈದು ದಿನಗಳ ವೇತನ ಕಟ್ಟಬೇಕೆಂಬ ನಿಯಮ ಸೇರಿದೆ. ಗ್ರಾಚ್ಯುಟಿ ಬೇರೆ. ತಿಂಗಳಿಗೆ 18,000 ರೂಪಾಯಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಪಡೆಯುವ, ಹನ್ನೆರಡು ವರ್ಷ ದುಡಿದ ಒಬ್ಬರಿಗೆ ಗ್ರಾಚ್ಯುಟಿಯೇ ಸುಮಾರು 1,24,600 ರೂಪಾಯಿ ಆಗುತ್ತದೆ (18,000ವನ್ನು 26ರಿಂದ ಭಾಗಿಸಿ, 15ರಿಂದ ಮತ್ತು 12ರಿಂದ ಗುಣಿಸಿದರೆ ಬರುವ ಮೊತ್ತ). ಪರಿಹಾರವೂ ಒಂದು ಲಕ್ಷದ ಆಸುಪಾಸಿಗೆ ಬರುತ್ತದೆ. ಆರೇಳು ಮಂದಿ ಹಳಬರು ಬಿಟ್ಟರೆ ಎಷ್ಟು ಹಣ ಸಿದ್ಧವಿರಬೇಕೆಂದು ಮೊದಲೇ ಲೆಕ್ಕ ಹಾಕಿ. ಜೊತೆಗೆ ಬರುವವರಿಗೆ ಸೇವೆ ಮುರಿಯದೆ ಮುಂದುವರಿಯುತ್ತದೆಂದು ಪತ್ರ ಕೊಡಿ, ಇಲ್ಲವಾದರೆ ಗ್ರಾಚ್ಯುಟಿ ಹೋಯಿತೆಂಬ ಭಯಕ್ಕೇ ಕೆಲವರು ಹಿಂದೇಟು ಹಾಕುತ್ತಾರೆ.

ಕಾಲವನ್ನು ಆರಿಸುವುದೂ ಇವರನ್ನು ನೋಡಿಯೇ. ಮಾರ್ಚ್‌ನಲ್ಲಿ ಗ್ರಾಹಕರು ವರ್ಷಾಂತ್ಯದ ಮಾಲಿಗೆ ಒತ್ತಡ ಹಾಕುತ್ತಾರೆ. ಜೂನ್‌ಗೆ ಮಕ್ಕಳ ಶಾಲೆ ಶುರುವಾಗಿ ಮಳೆಯೂ ಹಿಡಿಯುತ್ತದೆ. ಆಷಾಢದಲ್ಲಿ ಮನೆ ಬದಲಿಸಲು ಎಷ್ಟೋ ಕುಟುಂಬಗಳು ಒಪ್ಪುವುದಿಲ್ಲ. ಆಯುಧಪೂಜೆಯಿಂದ ದೀಪಾವಳಿಯ ಬೋನಸ್‌ವರೆಗೆ ಯಾರ ಮನಸ್ಸೂ ಹೊಸ ಊರಿನಲ್ಲಿರುವುದಿಲ್ಲ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗಿನ ಅವಧಿ ಎಲ್ಲ ದೃಷ್ಟಿಯಿಂದಲೂ ಅನುಕೂಲ.

ಅನುಮತಿ ಮತ್ತು ನೋಂದಣಿಗಳ ಸರದಿ

ಜಿ.ಎಸ್‌.ಟಿ.ಯಲ್ಲಿ ಮೊದಲು ಹೊಸ ಶೆಡ್ಡನ್ನು ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿಸಿ. ಅದು ಅಧಿಕಾರಿಯ ಒಪ್ಪಿಗೆ ಬೇಕಾಗುವ ತಿದ್ದುಪಡಿಯಾದ್ದರಿಂದ ಕರಾರು ಪತ್ರ, ಮಾಲೀಕರ ಒಪ್ಪಿಗೆ, ವಿದ್ಯುತ್ ಬಿಲ್ ಸಿದ್ಧವಿರಲಿ. ಯಂತ್ರಗಳೆಲ್ಲ ಹೋದ ಮೇಲೆ ಅದನ್ನು ಪ್ರಧಾನ ಸ್ಥಳವಾಗಿ ಬದಲಿಸಿ, ಕೊನೆಯಲ್ಲಿ ಪೀಣ್ಯದ ವಿಳಾಸವನ್ನು ತೆಗೆದುಹಾಕಿ. ಬದಲಾವಣೆಯಾದ ಹದಿನೈದು ದಿನಗಳೊಳಗೆ ಅರ್ಜಿ ಹಾಕಬೇಕೆಂಬುದು ನಿಯಮ. ಈ ಸರದಿಯಲ್ಲಿ ಹೋದರೆ ಎರಡೂ ಕಡೆ ಮಾಲು ಇರುವ ದಿನಗಳಲ್ಲಿ ಯಾರು ಬಂದು ಕೇಳಿದರೂ ಕಾಗದ ಸರಿಯಿರುತ್ತದೆ. ಉದ್ಯಮ್ (ಸಣ್ಣ ಉದ್ಯಮಗಳ) ನೋಂದಣಿಯ ಸಂಖ್ಯೆ ಬದಲಾಗುವುದಿಲ್ಲ. ಅದರಲ್ಲಿ ಘಟಕದ ವಿಳಾಸವನ್ನು ಮಾತ್ರ ತಿದ್ದಬೇಕು.

ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಜಾಗಕ್ಕೆ ಕೊಟ್ಟದ್ದೇ ಹೊರತು ಕಂಪನಿಯೊಂದಿಗೆ ಊರೂರು ತಿರುಗುವಂಥದ್ದಲ್ಲ. ಹೊಸ ಜಾಗಕ್ಕೆ ಸ್ಥಾಪನಾ ಸಮ್ಮತಿಯನ್ನೂ ಆಮೇಲೆ ಕಾರ್ಯಾಚರಣೆಯ ಸಮ್ಮತಿಯನ್ನೂ ಹೊಸದಾಗಿ ಪಡೆಯಬೇಕು. ಬರಿಯ ಮೆಷಿನಿಂಗ್ ಆದರೆ ಸುಲಭ. ಪ್ಲೇಟಿಂಗ್ ತೊಟ್ಟಿಗಳಿದ್ದರೆ ಹೆಚ್ಚು ಮಾಲಿನ್ಯದ ಕೆಂಪು ವರ್ಗಕ್ಕೆ ಸೇರುವುದರಿಂದ ಆ ಕೆಲಸವನ್ನು ಜೊತೆಗೆ ಒಯ್ಯುವ ಬಗ್ಗೆ ಎರಡು ಸಲ ಯೋಚಿಸಿ. ಕಾರ್ಖಾನೆಗಳ ಇಲಾಖೆಯ ನೋಂದಣಿ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಹೊಸದಾಗಿ ನೋಡಬೇಕು: 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಘಟಕಕ್ಕೆ ಹತ್ತು ಕೆಲಸಗಾರರಿದ್ದ ಮಿತಿ ಹೊಸ ಸಂಹಿತೆಯಲ್ಲಿ ಇಪ್ಪತ್ತಕ್ಕೆ ಏರಿದೆ. ಪಿ.ಎಫ್. ಮತ್ತು ಇ.ಎಸ್.ಐ.ಗಳಲ್ಲಿ ವಿಳಾಸ ಬದಲಾಯಿಸುವಾಗ ಪ್ರತಿಯೊಬ್ಬ ಕೆಲಸಗಾರರ ಇ.ಎಸ್.ಐ. ಡಿಸ್ಪೆನ್ಸರಿಯನ್ನೂ ಹೊಸ ಊರಿಗೆ ಬದಲಿಸಿ. ಇದನ್ನು ಮರೆತರೆ ಜ್ವರ ಬಂದ ಆಪರೇಟರ್ ಔಷಧಿಗಾಗಿ ಬೆಂಗಳೂರಿಗೆ ಬಸ್ ಹತ್ತಬೇಕಾಗುತ್ತದೆ.

ಯಂತ್ರಗಳನ್ನು ಎತ್ತುವ ಮೊದಲು, ಇಳಿಸಿದ ನಂತರ

ಹೊಸ ಶೆಡ್ಡಿನ ನೆಲವನ್ನು ಮೊದಲು ಸಿದ್ಧಪಡಿಸಿ. ಎಲ್ಲಿ ಯಾವ ಯಂತ್ರ ಎಂದು ಸೀಮೆಸುಣ್ಣದಲ್ಲಿ ನೆಲದ ಮೇಲೆಯೇ ನಿಜ ಅಳತೆಯಲ್ಲಿ ಗೆರೆ ಎಳೆದು, ಬಾಗಿಲು ತೆರೆಯಲು, ಚಿಪ್ಸ್ ಟ್ರಾಲಿ ತಿರುಗಲು, ಬಾರ್ ಫೀಡರ್‌ಗೆ ಜಾಗವಿದೆಯೇ ಎಂದು ನಡೆದು ನೋಡಿ. ಭಾರದ ಯಂತ್ರಗಳಿಗೂ ಪವರ್ ಪ್ರೆಸ್‌ಗಳಿಗೂ ಕಾಂಕ್ರೀಟ್ ಹಾಕಿಸುವುದಾದರೆ ಅದು ಪೂರ್ತಿ ಬಲ ಪಡೆಯಲು 28 ದಿನ ಬೇಕು. ಹತ್ತನೆಯ ದಿನವೇ ವಿ.ಎಂ.ಸಿ. ಕೂರಿಸಿ ಆಮೇಲೆ ಲೆವೆಲ್ ನಿಲ್ಲುತ್ತಿಲ್ಲವೆಂದು ಯಂತ್ರವನ್ನು ದೂರುವುದರಲ್ಲಿ ಅರ್ಥವಿಲ್ಲ.

ಯಂತ್ರ ಆಫ್ ಮಾಡುವ ಹಿಂದಿನ ದಿನ ಕಂಟ್ರೋಲರ್‌ನಲ್ಲಿರುವ ಪ್ರೋಗ್ರಾಂ, ಪ್ಯಾರಾಮೀಟರ್, ಲ್ಯಾಡರ್, ಆಫ್‌ಸೆಟ್ ಎಲ್ಲವನ್ನೂ ಕಾರ್ಡಿಗೋ ಪೆನ್‌ಡ್ರೈವ್‌ಗೋ ಬ್ಯಾಕಪ್ ತೆಗೆದು ಎರಡು ಕಡೆ ಇಡಿ. ಅನೇಕ ಕಂಟ್ರೋಲರ್‌ಗಳ ಮೆಮೊರಿ ಮತ್ತು ಎನ್‌ಕೋಡರ್‌ಗಳು ಬ್ಯಾಟರಿಯ ಆಸರೆಯಲ್ಲಿರುತ್ತವೆ. ದಿನವೂ ಓಡುವ ಯಂತ್ರದಲ್ಲಿ ಬ್ಯಾಟರಿ ಸೊರಗಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಹದಿನೈದು ದಿನ ಕರೆಂಟ್ ಇಲ್ಲದೆ ನಿಂತಾಗ ಪ್ಯಾರಾಮೀಟರ್‌ಗಳೇ ಅಳಿಸಿಹೋಗಬಹುದು. ಹೊಸ ಬ್ಯಾಟರಿಗಳನ್ನು ಮೊದಲೇ ತರಿಸಿ, ಯಂತ್ರ ಆನ್ ಇರುವಾಗಲೇ ಬದಲಿಸಿ. ನಂತರ ಕೂಲೆಂಟ್ ಮತ್ತು ಹೈಡ್ರಾಲಿಕ್ ಎಣ್ಣೆ ಖಾಲಿ ಮಾಡಿ, ಯಂತ್ರ ಮೊದಲು ಬಂದಾಗ ಹಾಕಿದ್ದ ಕೆಂಪು ಅಥವಾ ಹಳದಿ ಬಣ್ಣದ ಸಾಗಣೆ ಬ್ರಾಕೆಟ್‌ಗಳನ್ನು ಹಾಕಿ ಸ್ಲೈಡ್‌ಗಳನ್ನೂ ಸ್ಪಿಂಡಲ್ ಹೆಡ್ಡನ್ನೂ ಬಂಧಿಸಿ. ಬ್ರಾಕೆಟ್ ಸ್ಕ್ರ್ಯಾಪ್‌ಗೆ ಹೋಗಿದ್ದರೆ ತಯಾರಕರಿಂದ ನಕ್ಷೆ ತರಿಸಿ ನೀವೇ ಮಾಡಿಕೊಳ್ಳಬಹುದು. ಹೇಗಿದ್ದರೂ ನಿಮ್ಮದೇ ಮೆಷಿನ್ ಶಾಪ್ ಅಲ್ಲವೇ. ಪ್ರತಿ ಕೇಬಲ್‌ಗೂ ಎರಡೂ ತುದಿಯಲ್ಲಿ ನಂಬರ್ ಟ್ಯಾಗ್ ಕಟ್ಟಿ, ಪ್ಯಾನೆಲ್ ಒಳಗಿನ ಫೋಟೊ ತೆಗೆದಿಡಿ.

ಸಾಗಣೆಗೆ ಯಂತ್ರ ಶಿಫ್ಟಿಂಗ್ ಮಾಡಿ ಪಳಗಿದವರನ್ನೇ ಕರೆಯಿರಿ. ಹೈಡ್ರಾ ಕ್ರೇನ್ ಎತ್ತುವಾಗ ಪಟ್ಟಿ ಎಲ್ಲಿ ಹಾಕಬೇಕೆಂಬುದು ಯಂತ್ರದ ಮ್ಯಾನುಯಲ್‌ನಲ್ಲಿರುತ್ತದೆ. ಆ ಪುಟದ ಪ್ರತಿಯನ್ನು ಮೇಸ್ತ್ರಿಯ ಕೈಗೆ ಕೊಡಿ. ಟ್ರಾನ್ಸಿಟ್ ವಿಮೆಯಲ್ಲಿ ಎತ್ತುವ ಮತ್ತು ಇಳಿಸುವ ಹೊತ್ತಿನ ಹಾನಿಯೂ ಸೇರಿರಲಿ, ಏಕೆಂದರೆ ಅಪಾಯ ಹೆಚ್ಚಿರುವುದು ಹೆದ್ದಾರಿಯಲ್ಲಲ್ಲ, ಶೆಡ್ಡಿನ ಬಾಗಿಲಲ್ಲಿ. ಬೆಂಕಿ ವಿಮೆಯ ಪಾಲಿಸಿಯಲ್ಲಿರುವ ವಿಳಾಸವನ್ನು ಮೊದಲ ಲಾರಿ ಹೊರಡುವ ದಿನವೇ ಎರಡೂ ಜಾಗಕ್ಕೆ ಅನ್ವಯಿಸುವಂತೆ ತಿದ್ದಿಸಿ. ಒಂದೇ ಜಿ.ಎಸ್‌.ಟಿ. ನಂಬರ್‌ನ ಎರಡು ಸ್ಥಳಗಳ ನಡುವಿನ ಸಾಗಣೆ ಮಾರಾಟವಲ್ಲವಾದ್ದರಿಂದ ಬಿಲ್ ಬೇಡ, ಡೆಲಿವರಿ ಚಲನ್ ಸಾಕು; ಆದರೆ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕೇ ಬೇಕು. ಅದರ ಅವಧಿ 200 ಕಿಲೋಮೀಟರ್‌ಗೆ ಒಂದು ದಿನ. ಸಂಚಾರ ನಿರ್ಬಂಧದಿಂದ ಟ್ರೇಲರ್ ಹೊರಡುವುದು ರಾತ್ರಿಯಾದರೆ ಬಿಲ್ಲನ್ನು ಬೆಳಿಗ್ಗೆಯೇ ಮಾಡಿಟ್ಟು ಕಾಯಬೇಡಿ.

ಎಲ್ಲವನ್ನೂ ಒಟ್ಟಿಗೆ ಸಾಗಿಸುವುದು ಅಗ್ಗವೆನಿಸಿದರೂ, ಎರಡು ತಂಡ ಮಾಡುವುದು ಜಾಣತನ. ಮೊದಲ ತಂಡದಲ್ಲಿ ಎರಡು ಯಂತ್ರಗಳು ಹೋಗಿ ಮಾಲು ಹೊರಬಂದು, ಗ್ರಾಹಕರ ಅನುಮೋದನೆ ಸಿಕ್ಕ ಮೇಲೆ ಉಳಿದವು ಹೊರಡಲಿ.

ಹೊಸ ಶೆಡ್ಡಿನಲ್ಲಿ ಮೊದಲ ಸಲ ಕರೆಂಟ್ ಕೊಡುವ ಹೊತ್ತು ಬಹಳ ಎಚ್ಚರ ಬೇಕಾದದ್ದು. ಮೂರು ಫೇಸ್‌ಗಳ ಕ್ರಮ ಹಳೆಯ ಶೆಡ್ಡಿನಲ್ಲಿದ್ದಂತೆಯೇ ಇರುತ್ತದೆಂಬ ಖಾತ್ರಿಯಿಲ್ಲ. ಕ್ರಮ ತಿರುವುಮುರುವಾದರೆ ಸರ್ವೊ ಮೋಟಾರ್‌ಗಳು ತಮ್ಮ ಡ್ರೈವ್‌ನ ಹಿಡಿತದಲ್ಲಿರುವುದರಿಂದ ಸರಿಯಾಗಿಯೇ ತಿರುಗುತ್ತವೆ, ಸ್ಕ್ರೀನ್ ಕೂಡ ಬರುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಆದರೆ ನೇರವಾಗಿ ಲೈನಿಗೆ ಜೋಡಿಸಿದ ಹೈಡ್ರಾಲಿಕ್ ಪಂಪ್ ಹಿಂದುಮುಂದಾಗಿ ತಿರುಗುತ್ತಿರುತ್ತದೆ. ಪ್ರೆಶರ್ ಗೇಜ್‌ನ ಮುಳ್ಳು ಏರದೆ ಸೊನ್ನೆಯಲ್ಲೇ ಇದ್ದು, ಪಂಪ್‌ನಿಂದ ಒಣ ಸದ್ದು ಬಂದರೆ ಕೂಡಲೇ ಆಫ್ ಮಾಡಿ ಎರಡು ಫೇಸ್ ಅದಲು ಬದಲು ಮಾಡಬೇಕು. ಫೇಸ್ ಸೀಕ್ವೆನ್ಸ್ ಮೀಟರ್ ಇಟ್ಟು ಮುಂಚೆಯೇ ನೋಡಿದರೆ ಇದರ ಗೊಡವೆಯೇ ಇಲ್ಲ. ಅರ್ತಿಂಗ್ ಗುಂಡಿಗಳನ್ನು ಹೊಸದಾಗಿ ಮಾಡಿಸಿ, ಒಣ ನೆಲವಾದ್ದರಿಂದ ಬೇಸಿಗೆಯಲ್ಲಿ ನೀರು ಹಾಕುವ ಜವಾಬ್ದಾರಿಯನ್ನು ಒಬ್ಬರಿಗೆ ಒಪ್ಪಿಸಿ.

ಲೆವೆಲಿಂಗ್‌ಗೆ ಮೀಟರಿಗೆ 0.02 ಮಿಲಿಮೀಟರ್ ತೋರಿಸುವ ಸ್ಪಿರಿಟ್ ಲೆವೆಲ್ ಬಳಸಿ. ಒಂದು ವಾರ ಓಡಿಸಿದ ಮೇಲೆ ನೆಲ ಕುಳಿತಿರುತ್ತದೆಯಾದ್ದರಿಂದ ಮತ್ತೊಮ್ಮೆ ನೋಡಿ. ಯಂತ್ರದ ಜೊತೆ ತಯಾರಕರು ಕೊಟ್ಟ ಜಿಯೊಮೆಟ್ರಿ ಟೆಸ್ಟ್ ಚಾರ್ಟ್ ಇದ್ದರೆ ಅದರಲ್ಲಿರುವ ಪರೀಕ್ಷೆಗಳನ್ನೇ ಪುನಃ ಮಾಡಿ, ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದಿಡಿ. ಗ್ರಾಹಕರ ಆಡಿಟರ್ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ಪೀಣ್ಯದ ಶೆಡ್ಡನ್ನು ಬಿಟ್ಟುಕೊಡುವುದು

ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಅದನ್ನು ಹೊಸ ಶೆಡ್ಡಿಗೆ ಸಾಗಿಸಬೇಡಿ, ಮಂಡಳಿಯ ಅಧಿಕೃತ ಪಟ್ಟಿಯಲ್ಲಿರುವ ಮರುಸಂಸ್ಕರಣೆಯವರಿಗೇ ಕೊಟ್ಟು ರಸೀದಿ ಪಡೆಯಿರಿ. ಚಿಪ್ಸ್, ಬೋರಿಂಗ್, ಮುರಿದ ಇನ್ಸರ್ಟ್‌ಗಳನ್ನು ಮಾರಿ ಬಿಲ್ ಮಾಡಿ. ಆಮೇಲೆ ನೆಲದ ಬೋಲ್ಟ್‌ಗಳನ್ನು ಕತ್ತರಿಸಿ ತುಂಬಿಸಿ, ಮಾಲೀಕರೊಂದಿಗೆ ಒಟ್ಟಿಗೆ ನಿಂತು ಫೋಟೊ ತೆಗೆಸಿಕೊಂಡು ಬೀಗದ ಕೈ ಕೊಡುವಾಗಲೇ ಅಡ್ವಾನ್ಸ್ ಚುಕ್ತಾ ಮಾಡಿಸಿಕೊಳ್ಳಿ. ವಿದ್ಯುತ್ ಸಂಪರ್ಕ ನಿಮ್ಮ ಹೆಸರಿನಲ್ಲಿದ್ದರೆ ಅಂತಿಮ ರೀಡಿಂಗ್ ತೆಗೆಸಿ ಆರ್.ಆರ್. ನಂಬರ್ ಹಿಂದಿರುಗಿಸಲು ಅರ್ಜಿ ಹಾಕಿದರೆ, ಎರಡು ತಿಂಗಳ ಬಳಕೆಯಷ್ಟು ಕಟ್ಟಿರುವ ಭದ್ರತಾ ಠೇವಣಿ ಬಾಕಿ ಕಳೆದು ವಾಪಸ್ ಬರುತ್ತದೆ. ಹಳೆಯ ಮಾಲಿನ್ಯ ಸಮ್ಮತಿಯನ್ನೂ ಬರಹದಲ್ಲಿ ಹಿಂದಿರುಗಿಸಿ, ಇಲ್ಲವಾದರೆ ಆ ಜಾಗಕ್ಕೆ ಮುಂದೆ ಬರುವವರ ತಪ್ಪಿಗೆ ನೋಟಿಸ್ ನಿಮ್ಮ ಹೆಸರಿಗೆ ಬಂದೀತು.

ಇಲಾಖೆಗಳ ಪತ್ರಗಳು, ಬ್ಯಾಂಕಿನ ಕಾಗದಗಳು, ಹಳೆಯ ಗ್ರಾಹಕರ ಚೆಕ್‌ಗಳು ಕನಿಷ್ಠ ಒಂದು ವರ್ಷ ಪೀಣ್ಯದ ವಿಳಾಸಕ್ಕೇ ಬರುತ್ತಿರುತ್ತವೆ. ಆ ಭಾಗದ ಅಂಚೆ ಕಚೇರಿಯಲ್ಲಿ ಹೊಸ ವಿಳಾಸಕ್ಕೆ ಕಳಿಸುವಂತೆ ಅರ್ಜಿ ಕೊಡಿ. ಪಕ್ಕದ ಶೆಡ್ಡಿನವರ ಹತ್ತಿರ ನಿಮ್ಮ ಫೋನ್ ನಂಬರ್ ಇರುವ ಒಂದು ಸಣ್ಣ ಬೋರ್ಡ್ ಬಿಟ್ಟುಬನ್ನಿ.